ನನ್ನ ಸೋಪು, ಐಮೋನ ಚರ್ಮ

ಮೂವತ್ತಾರು ವರ್ಷ ಪ್ರತಿ ಶನಿವಾರ ಸೌನಾದ ಬಿಸಿಕೋಣೆಯಲ್ಲಿ ನನ್ನ ಪಕ್ಕ ಬತ್ತಲೆ ಕೂತು ಬೆವರಿದ ಗಂಡ, ಆಗಸ್ಟಿನ ಒಂದು ಶನಿವಾರ "ನೀನು ಹೋಗಿ ಬಾ, ನಾನು ಆಮೇಲೆ ಒಬ್ಬನೇ ಹೋಗ್ತೀನಿ" ಅಂದ. ಫಿನ್ಲೆಂಡಿನ ನಮ್ಮ ಕೈನೂ ಸೀಮೆಯಲ್ಲಿ ಹೀಗಂದರೆ ಹಾಸಿಗೆ ಬೇರೆ ಮಾಡಿದ ಹಾಗೆ. ಕೇಳಿಸಿಕೊಂಡು ಸುಮ್ಮನಿರಲು ನಾನೇನು ಮರದ ಕೊರಡೇ?

"ಯಾರವಳು?" ಅಂತ ಕೇಳಿಯೇಬಿಟ್ಟೆ.

"ಯಾರವಳು ಅಂದ್ರೆ?"

"ಈ ವಯಸ್ಸಲ್ಲಿ ಹೆಂಡ್ತಿಗೆ ಮೈ ತೋರಿಸೋಕೆ ನಾಚಿಕೆ ಬಂತಲ್ಲ, ಅದಕ್ಕೆ ಕಾರಣ ಆದವಳು."

ಐಮೋ ನಕ್ಕುಬಿಟ್ಟ. "ಅರವತ್ತೈದರ ಮುದುಕ, ಮೈಗೊಂದು ಡಬ್ಬಿ ಅಂಟಿಸ್ಕೊಂಡು ಓಡಾಡೋನು. ನನ್ನನ್ನ ಯಾವಳು ಕಣ್ಣೆತ್ತಿ ನೋಡ್ತಾಳೆ, ಮಾರಾಯ್ತಿ?"

ಡಬ್ಬಿ ಅಂದರೆ ಇನ್ಸುಲಿನ್ ಪಂಪು. ನಳಿಗೆಯಿಲ್ಲ, ಗಿಳಿಗೆಯಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ, ಅಡಿಯಲ್ಲಿ ಅಂಟುಪಟ್ಟಿ. ತೋಳಿಗೋ ಹೊಟ್ಟೆಗೋ ಅಂಟಿಸಿಕೊಂಡರೆ ಮೂರು ದಿನ ತಾನೇ ಔಷಧಿ ಹಾಕುತ್ತದೆ. ಆಮೇಲೆ ಕಿತ್ತು ಹೊಸದು. ಇನ್ನೊಂದು ತೋಳಿನಲ್ಲಿ ಸಕ್ಕರೆ ಅಳೆಯುವ ಬಿಲ್ಲೆ. ಸಕ್ಕರೆ ಇಳಿಯತೊಡಗಿದರೆ ಬಿಲ್ಲೆ ಹೇಳುತ್ತದೆ, ಡಬ್ಬಿ ತಾನಾಗಿ ಔಷಧಿ ನಿಲ್ಲಿಸುತ್ತದೆ. ಐಮೋನಿಗೆ ಹತ್ತೊಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ನಲವತ್ತು ಚಿಲ್ಲರೆ ವರ್ಷ ಸೂಜಿಯಲ್ಲೇ ಕಳೆದ. ಅಷ್ಟು ವರ್ಷವಾದ ಮೇಲೆ ಸಕ್ಕರೆ ಇಳಿದರೂ ಅವನ ಮೈ ಸುಳಿವು ಕೊಡುವುದನ್ನು ಬಿಟ್ಟಿತು. ಎರಡು ವರ್ಷದ ಹಿಂದೆ ಸೌದೆ ಒಟ್ಟುತ್ತಿದ್ದವನು ಹಾಗೇ ಬಿದ್ದಿದ್ದ. ನೋಡಿದಾಗ ತುಟಿ ನೀಲಿ. ಆವತ್ತು ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ ಈ ಡಬ್ಬಿ ಬಂತು, ನಾನು ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದೆ. ಆ ಅಂಟು ಹಿಡಿದಿರುವ ತನಕ ಅವನಿದ್ದಾನೆ, ನನ್ನ ಲೆಕ್ಕ ಅಷ್ಟೇ.

ಮೂರು ಶನಿವಾರ ತಡೆದುಕೊಂಡೆ. ನಾಲ್ಕನೆಯದಕ್ಕೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

ಅಯ್ಯೋ ದೇವರೇ. ಎರಡೂ ತೋಳು, ಹೊಟ್ಟೆ, ತೊಡೆ, ಎಲ್ಲಿ ನೋಡಿದರೂ ಪಟ್ಟಿಯ ಅಳತೆಯ ಕೆಂಪು ಗುರುತು. ಕೆಲವು ಒಣಗಿ ಹಕ್ಕಳೆ ಕಟ್ಟಿವೆ, ಕೆಲವು ಇನ್ನೂ ಒಸರುತ್ತಿವೆ. ಅವನು ಹಲ್ಲು ಕಚ್ಚಿಕೊಂಡು ಅದರ ಮೇಲೇ ಸೋಪು ಉಜ್ಜುತ್ತಿದ್ದ. ನನ್ನ ಸೋಪು.

ಆ ಸೋಪಿನ ಮಾತು ಹೇಳಲೇಬೇಕು. ಕಾಗದದ ಕಾರ್ಖಾನೆ ಮುಚ್ಚಿ ನಮ್ಮಿಬ್ಬರನ್ನೂ ಮನೆಗೆ ಕಳಿಸಿದ ಮೇಲೆ ನಾನು ಹಿಡಿದ ಕೆಲಸ ಅದು. ಪೈನ್ ಮರದ ಬೇರು ಸುಟ್ಟು ಇಳಿಸಿದ ಕಪ್ಪು ಕೀಲೆಣ್ಣೆ ಹಾಕಿ ಮಾಡುತ್ತೇನೆ. ಸೌನಾ, ಸಾರಾಯಿ, ಕೀಲೆಣ್ಣೆ, ಮೂರಕ್ಕೂ ಬಗ್ಗದ ರೋಗಕ್ಕೆ ಚಟ್ಟವೇ ಗತಿ ಅಂತ ನಮ್ಮಲ್ಲಿ ಹೇಳುತ್ತಾರೆ. ಸಂತೆಯಲ್ಲಿ ನನ್ನ ಸೋಪು ಅಂದರೆ ಜನ ಸಾಲು ನಿಲ್ಲುತ್ತಾರೆ.

"ಯಾವಾಗಿಂದ?" ಅಂತ ಕೇಳಿದೆ.

"ಸ್ವಲ್ಪ ದಿನ ಆಯ್ತು."

"ಡಾಕ್ಟ್ರಿಗೆ ಹೇಳೋಕೆ ಏನು ಧಾಡಿ ನಿನಗೆ?"

"ಈ ಚರ್ಮ ನೋಡಿದ್ರೆ ಡಬ್ಬಿ ಬೇಡ ಅಂದ್ಬಿಡ್ತಾರೆ. ಮತ್ತೆ ಸೂಜಿ. ಮತ್ತೆ ನೀನು ನಿದ್ದೆಗೆಟ್ಟು ನನ್ನ ಉಸಿರು ಎಣಿಸ್ತಾ ಕೂರೋದು."

ನನಗೋಸ್ಕರವೇ ಮುಚ್ಚಿಟ್ಟಿದ್ದ. ಹಾಗಂತ ಬೈಯುವುದನ್ನು ಬಿಟ್ಟೆನೇ? ಆ ರಾತ್ರಿಗೂ ಮರುದಿನಕ್ಕೂ ಸಾಕಾಗುವಷ್ಟು ಬೈದೆ.

ಸೋಮವಾರ ಪಟ್ಟಣದ ಆಸ್ಪತ್ರೆ. ಸಕ್ಕರೆ ಕಾಯಿಲೆಯ ನರ್ಸು ವೀವಿ ಚಿಕ್ಕ ವಯಸ್ಸಿನ ಹುಡುಗಿ, ನಿಧಾನಸ್ಥೆ. ಐಮೋನ ಅಂಗಿ ಬಿಚ್ಚಿಸಿ ನೋಡಿ, ತುಟಿ ಕಚ್ಚಿಕೊಂಡಳು.

"ಡಬ್ಬಿ ಬದಲಾಯಿಸೋದು ಹೇಗೆ, ಮೊದಲಿಂದ ಹೇಳಿ ಐಮೋ."

"ಸೌನಾ ಬಿಸಿಗೆ ಔಷಧಿ ಕೆಡುತ್ತಲ್ಲ, ಅದಕ್ಕೇ ಒಳಗೆ ಹೋಗೋ ಮುಂಚೆ ಒಂದೇ ಎಳೆತಕ್ಕೆ ಕಿತ್ತುಬಿಡ್ತೀನಿ. ಬರ್ಚ್ ಮರದ ಸೊಪ್ಪಿನ ಕಟ್ಟಲ್ಲಿ ಮೈ ಬಡ್ಕೊಂಡು, ಸೋಪು ಹಾಕಿ ಚೆನ್ನಾಗಿ ಉಜ್ಜಿ, ಹೊರಗೆ ಬಂದ ತಕ್ಷಣ ಹೊಸದು ಅಂಟಿಸ್ತೀನಿ."

"ಮೈ ಇನ್ನೂ ಬೆವರ್ತಿರುವಾಗಲೇ?"

"ಮೈ ಅದಕ್ಕಿಂತ ಚೊಕ್ಕಟ ಇನ್ಯಾವಾಗ ಇರುತ್ತೆ?"

ಸರಿಯಾಗೇ ಹೇಳಿದ ಅಂತ ನಾನೂ ತಲೆಯಾಡಿಸಿದೆ.

ವೀವಿ ನಗಲಿಲ್ಲ. "ನಮ್ಮ ಜನ ಮಾಡೋ ತಪ್ಪೇ ಇದು. ಬಿಸಿ ಮೈ, ಉಜ್ಜಿ ತೆಳ್ಳಗಾದ ಚರ್ಮ, ಒಳಗಿನಿಂದ ಹರೀತಿರೋ ಬೆವರು. ಅದರ ಮೇಲೆ ಪಟ್ಟಿ ಬಿಗಿದರೆ ಬೆವರು ಎಲ್ಲಿಗೆ ಹೋಗ್ಬೇಕು? ಮೂರು ದಿನ ಅಲ್ಲೇ ಕೊಳೆಯುತ್ತೆ. ಒಂದು ಗಂಟೆ ಆರಲು ಬಿಡಿ. ವಾಸನೆಯಿಲ್ಲದ ಸೌಮ್ಯ ಸೋಪು, ಬರೀ ನೀರು. ಸ್ಪಿರಿಟ್ ಒರೆಸಿದ್ರೆ ಅದೂ ಪೂರ್ತಿ ಆರಬೇಕು. ಚರ್ಮಕ್ಕೂ ಅಂಟಿಗೂ ನಡುವೆ ಪೊರೆ ಕಟ್ಟೋ ದ್ರವ ಕೊಡ್ತೀನಿ, ಹಚ್ಕೊಳ್ಳಿ. ಪ್ರತಿ ಸಲ ಹೊಸ ಜಾಗ. ಕೀಳೋವಾಗ ಅಂಚಿಗೆ ಎಣ್ಣೆ ಬಿಟ್ಟು ನಿಧಾನಕ್ಕೆ ಸುಲೀಬೇಕು, ಗಂಡಸುತನ ತೋರಿಸ್ಬಾರದು. ಈಗ ಹಾಕೋ ಸೋಪು ಯಾವುದು?"

ಐಮೋ ನೆಲ ನೋಡಿದ. ನಾನೇ ಹೇಳಿದೆ. "ಕೀಲೆಣ್ಣೆದು. ನಾನೇ ಮಾಡೋದು. ಅಪ್ಪಟ."

"ಕೆಲವರ ಚರ್ಮಕ್ಕೆ ಕೀಲೆಣ್ಣೆ ಉರಿ. ಪಟ್ಟಿಯ ಅಡಿ ಸಿಕ್ಕಿಕೊಂಡ್ರೆ ಇನ್ನೂ ಹೆಚ್ಚು. ಅದನ್ನ ಬಿಟ್ಟು ನೋಡಿದ್ದೀರಾ, ಐಮೋ?"

"ನೋಡಿದ್ದೆ," ಅಂದ, ಸಣ್ಣ ದನಿಯಲ್ಲಿ. "ಏಪ್ರಿಲ್‌ನಲ್ಲಿ. ಆಗ ಒಂದೆರಡು ಸಣ್ಣ ಗುರುತಷ್ಟೇ. ಎರಡು ವಾರ ಬರೀ ನೀರು. ವಾಸಿ ಆಗಿತ್ತು."

"ಮತ್ತೆ ಯಾಕೆ ಶುರು ಮಾಡಿದ್ರಿ?"

ಅವನು ನನ್ನ ಮುಖ ನೋಡಿದ. ನನಗೆ ನೆನಪಾಯಿತು. ಏಪ್ರಿಲಿನ ಒಂದು ಶನಿವಾರ ಅವನ ಕತ್ತು ಮೂಸಿ, "ಏನಿದು, ನನ್ನ ಸೋಪು ಹಿಡಿಸ್ಲಿಲ್ವಾ? ಬೇರೆಯವರ ಮನೆ ಗಂಡಸಿನ ಹಾಗೆ ನಾರ್ತೀಯ" ಅಂದಿದ್ದೆ. ಅಂದಿದ್ದಷ್ಟೇ ಅಲ್ಲ, ಎರಡು ದಿನ ಮುಖ ಊದಿಸಿಕೊಂಡಿದ್ದೆ.

ವೀವಿ ಡಬ್ಬಿಯನ್ನೂ ಬಿಲ್ಲೆಯನ್ನೂ ಎಣ್ಣೆ ಬಿಟ್ಟು ಬಿಡಿಸಿದಳು. ಚರ್ಮ ಮಾಯಲು ನಾಲ್ಕು ವಾರ ಬೇಕಂತೆ. ಅಲ್ಲಿಯ ತನಕ ಸೂಜಿ, ಬೆರಳು ಚುಚ್ಚಿ ನೋಡುವುದು. ಮಾಯದಿದ್ದರೆ ಡಬ್ಬಿಯ ಮಾತೇ ಇಲ್ಲ. ಇನ್ನೂ ಏನೇನೋ ಹೇಳಿದಳು. ನನ್ನ ಕಿವಿಗೆ ಬಿದ್ದರೆ ತಾನೇ? ನನ್ನ ತಲೆಯಲ್ಲಿ ಏಪ್ರಿಲ್ ತಿಂಗಳೇ ಕುದಿಯುತ್ತಿತ್ತು.

ಐಮೋ ಕೈ ತೊಳೆದು ಬಂದು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ. ಸಾಲ್ಮನ್ ಮೀನಿನ ಸಾರು, ರೈ ರೊಟ್ಟಿ. ನಾನು ಆ ತಟ್ಟೆ ಕಿತ್ತು ಅಲ್ಲೇ ಇಟ್ಟೆ.

"ಊಟ ಮನೆಯಲ್ಲಿ. ನಡಿ. ಇಲ್ಲಿ ಕೂತ್ರೆ ಊರವರ ಮುಂದೆ ಕಿರುಚಿಬಿಡ್ತೀನಿ."

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಆಗಲೇ ಬಾಗಿಲ ಹತ್ತಿರ ಇದ್ದೆ.

ನನ್ನ ಕಣ್ಣಿಗೆ ಪೊರೆ ಬಂದಿರುವುದರಿಂದ ಕಾರು ಓಡಿಸುವುದು ಅವನೇ. ಪಟ್ಟಣ ದಾಟುವ ಮೊದಲೇ ಶುರು ಹಚ್ಚಿಕೊಂಡೆ. "ಸೋಪು ಉರಿಯುತ್ತೆ ಅಂತ ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ಹೆಂಡ್ತಿ ಅಂದ್ಕೊಂಡಿದ್ದೀಯೋ ರಾಕ್ಷಸಿ ಅಂದ್ಕೊಂಡಿದ್ದೀಯೋ? ನನ್ನ ಮುನಿಸಿಗೆ ಹೆದರಿ ಜೀವ ಕಳ್ಕೊಳ್ತೀಯಾ? ನನ್ನ ಬಾಯಿ ದೊಡ್ಡದೋ ಸಾವು ದೊಡ್ಡದೋ?" ಐಮೋ ಹೂಂ ಅನ್ನುತ್ತಿದ್ದ. ಆಮೇಲೆ ಹೂಂ ಅನ್ನುವುದೂ ನಿಂತಿತು. ಅವನು ಸುಮ್ಮನಾದಷ್ಟೂ ನಾನು ಏರಿದೆ. ಮುಕ್ಕಾಲು ಗಂಟೆ, ಒಂದೇ ಉಸಿರಿನಲ್ಲಿ.

ಕವಲುದಾರಿಯಲ್ಲಿ ಕಾರು ಬಲಕ್ಕೆ ಹೊರಳಿತು. ನಮ್ಮ ಮನೆ ಎಡಕ್ಕೆ.

"ಏಯ್, ಎಲ್ಲಿಗೆ?"

"ಪಾಳಿಗೆ ಹೊತ್ತಾಯ್ತು," ಅಂದ ಐಮೋ.

ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ. ಆಗ ಅವನ ಕಡೆ ತಿರುಗಿ ನೋಡಿದೆ. ಮುಖವೆಲ್ಲ ಬೆವರು, ತುಟಿ ನೀಲಿ, ಕಣ್ಣು ರಸ್ತೆಯ ಮೇಲಿದ್ದರೂ ಅವನು ಅಲ್ಲಿರಲಿಲ್ಲ. ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿ ಬರುತ್ತಿತ್ತು. ನಾನು ಹ್ಯಾಂಡ್‌ಬ್ರೇಕ್ ಎಳೆದು ಸ್ಟಿಯರಿಂಗನ್ನು ನನ್ನ ಕಡೆ ಜಗ್ಗಿದೆ. ಕಾರು ಅಂಚಿನ ಹುಲ್ಲಿಗೆ ನುಗ್ಗಿ ನಿಂತಿತು. ಲಾರಿ ಹಾರ್ನ್ ಒತ್ತಿಕೊಂಡೇ ಹೋಯಿತು.

ಅವನ ಜೇಬು ತಡಕಿ ಗ್ಲೂಕೋಸ್ ಗುಳಿಗೆ ತೆಗೆದು ಒಂದೊಂದೇ ಬಾಯಿಗೆ ಹಾಕಿದೆ. "ಅಗಿ. ಅಗಿಯೋ ನನ್ನಪ್ಪ. ನುಂಗು." ಎರಡು ಸೀಟಿನ ಕೆಳಗೆ ಬಿದ್ದವು. ಕಾಲು ಗಂಟೆಯಾದ ಮೇಲೆ ಅವನ ಕಣ್ಣಿಗೆ ಅವನು ಮರಳಿದ.

"ಕ್ಯಾಂಟೀನಿಗೆ ಬರೋ ಮುಂಚೆಯೇ ಊಟದ ಲೆಕ್ಕದ ಇನ್ಸುಲಿನ್ ಸೂಜಿ ಹಾಕ್ಕೊಂಡಿದ್ದೆ," ಅಂದ. "ಊಟ ಬೀಳದೆ ಸಕ್ಕರೆ ಇಳೀತು."

"ಹೇಳೋಕೆ ಏನಾಗಿತ್ತು ನಿನಗೆ? ಒಂದು ಮಾತು, ಐಮೋ! ಒಂದೇ ಒಂದು ಮಾತು!"

"ನೀನು ಮಾತಾಡ್ತಾ ಇದ್ದೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ಹೊರಗೆ ಮಳೆ ಬರುತ್ತಿದೆ ಅನ್ನುವ ಹಾಗೆ ಹೇಳಿದ. ನಾನು ಅವನನ್ನು ಕೊಲ್ಲುವುದರಲ್ಲಿದ್ದೆ, ಸೋಪಿನಿಂದಲ್ಲ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಒಂದಲ್ಲ ಹತ್ತು. ಹಲ್ಲು ಬಿಗಿಹಿಡಿದು ಕೂತೆ. ಒಂದು ಬಸ್ಸು ಹೋಯಿತು, ಎರಡು ಕಾರು ಹೋದವು. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ನನ್ನ ಜನ್ಮದಲ್ಲೇ ಇರಲಿಕ್ಕಿಲ್ಲ.

"ನೋವಾಗುತ್ತೆ, ಹಿಲ್ಕ," ಅಂದ ಐಮೋ ಕೊನೆಗೆ. "ತುಂಬಾ ನೋವಾಗುತ್ತೆ."

"ಎಲ್ಲಿ?" ಅಂತ ಕೇಳಿದೆ.

ಅವನು ಅಂಗಿಯ ತೋಳನ್ನು ಮೇಲಕ್ಕೆ ಮಡಚತೊಡಗಿದ.