ವಿಗ್‌ನವರ ಸೋಲು

ಮೂಸಾ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಮೆಸ್ಸಿನ ನಗು ತಟ್ಟನೆ ನಿಂತಿತು. ಕೈಯಲ್ಲಿ ಕಾಗದ ಹಿಡಿದು ಓದುತ್ತಿದ್ದ ಸಲ್ವಾದೋರ್‌ಗೆ ಮಾತ್ರ ಅದು ತಿಳಿಯಲಿಲ್ಲ. ಅದೇ ಹುರುಪಿನಲ್ಲಿ ಮುಂದಿನ ಸಾಲನ್ನೂ ಓದಿಬಿಟ್ಟ: "ವಿಗ್‌ನ ಕೆಳಗೆ ಏನೂ ಇಲ್ಲವೆಂಬುದು ನಾಳೆ ಊರಿಗೆಲ್ಲ ಗೊತ್ತಾಗಲಿದೆ."

ಮೂಸಾ ಚಪ್ಪಲಿ ಬಿಚ್ಚಲಿಲ್ಲ. ಅವನ ಕೈ ಒಮ್ಮೆ ತಲೆಯ ಕಡೆ ಹೋಯಿತು. ಬಂದ ಹಾಗೆಯೇ ತಿರುಗಿ ಹೋದ. ಅವನ ಪಾಲಿನ ಮೀನು ಸಾರು ತಟ್ಟೆಯಲ್ಲೇ ಆರಿತು.

ಓದುತ್ತಿದ್ದದ್ದು ಐರ್ಲೆಂಡಿನ ಸುದ್ದಿ, ಅದೂ ನೂರೈವತ್ತು ವರ್ಷ ಹಳೆಯದು. ಅರಬ್ ನಾಡಿನ ಅಲ್ ಅಹ್ಸಾದ ಒಂದು ಕಂಪನಿಯಲ್ಲಿ ಸಲ್ವಾದೋರ್ ಟೈಪಿಸ್ಟ್. ಅವನ ಮೇಲಿನ ಇಂಜಿನಿಯರ್ ಕೀಗನ್ ಐರಿಷ್ ಮನುಷ್ಯ. ತನ್ನೂರಿನ ಹಳೆಯ ಪತ್ರಿಕೆಗಳ ಬಗ್ಗೆ ಪುಸ್ತಕ ಬರೆಯುವ ಹುಚ್ಚು. ಊರು ಸಣ್ಣದು, ಪತ್ರಿಕೆ ಎರಡು: ಒಂದು ವಿಗ್ ಪಕ್ಷದ್ದು, ಇನ್ನೊಂದು ಟೋರಿಗಳದ್ದು. ಚುನಾವಣೆ ಬಂತೆಂದರೆ ಎರಡೂ ಬಾಯಿಗೆ ಬಂದಂತೆ ಬೈದಾಡುತ್ತಿದ್ದವು. ವಿಗ್ ಅಭ್ಯರ್ಥಿಯ ಮೆರವಣಿಗೆಗೆ ಜನ ಹೂವೆಸೆದರೆಂದು ಒಂದು ಬರೆದರೆ, ಕೊಳೆತ ಕೋಸು ಎಸೆದರೆಂದು ಇನ್ನೊಂದು. ಟೈಪ್ ಮಾಡುತ್ತ ಮಾಡುತ್ತ ಸಲ್ವಾದೋರ್‌ಗೂ ಆ ಹುಚ್ಚು ಅಂಟಿಕೊಂಡು, ರಸವತ್ತಾದ ತುಣುಕುಗಳನ್ನು ಕನ್ನಡಕ್ಕೆ ತಿರುಗಿಸಿ ಊಟದ ಹೊತ್ತಿಗೆ ಓದತೊಡಗಿದ್ದ. ಹಿಂದಿನ ದಿನದವರೆಗೂ ಸಂಜೆ ಪಾಳಿಯಲ್ಲಿದ್ದ ಮೂಸಾ ಒಂದನ್ನೂ ಕೇಳಿರಲಿಲ್ಲ.

ಮೆಸ್ಸಿನಲ್ಲೂ ಆಗ ಅಂಥದೇ ಕಾಲ. ವರ್ಷಕ್ಕೊಮ್ಮೆ ಮೆಸ್ಸಿಗೆ ಯಜಮಾನನನ್ನು ಆರಿಸುವುದು ವಾಡಿಕೆ. ಚುನಾವಣೆ ಎಂಬ ಮಾತನ್ನು ಆ ದೇಶದಲ್ಲಿ ಗಟ್ಟಿಯಾಗಿ ಆಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ 'ಸೆಲೆಕ್ಷನ್' ಎನ್ನುತ್ತಿದ್ದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಸ್ಟೀಲ್ ಲೋಟ, ಖರ್ಜೂರದ ಬೀಜವೇ ಮತ. ಹಿರಿಯ ಹಸನಬ್ಬ ಬಹಳ ಕಾಲದಿಂದ ಆ ಪಟ್ಟದಲ್ಲಿದ್ದ. ಅವನ ಬೇಳೆ ಸಾರಿಗೆ ಬೇಸತ್ತವರು ಈ ಸಲ ಮೂಸಾನನ್ನು ನಿಲ್ಲಿಸಿದ್ದರು. ಎಲ್ಲರಿಗಿಂತ ಮುಂದಾಗಿ ನಿಲ್ಲಿಸಿದವನು ಅವನ ಕೋಣೆಯ ಜೊತೆಗಾರ ಸಲ್ವಾದೋರನೇ.

ಮೂಸಾನ ಕಪ್ಪು ಕ್ರಾಪು ಶರಫಿಯಾ ಪೇಟೆಯ ಅಂಗಡಿಯಲ್ಲಿ ಕೊಂಡದ್ದೆಂಬ ಗುಟ್ಟೂ ಆ ಕೋಣೆಯದೇ. ಯಾರಿಗೂ ಹೇಳುವುದಿಲ್ಲವೆಂದು ಸಲ್ವಾದೋರ್ ಮಾತು ಕೊಟ್ಟಿದ್ದ, ಉಳಿಸಿಕೊಂಡೂ ಇದ್ದ. ಇಂಗ್ಲಿಷಿನಲ್ಲಿ ಆ ಪಕ್ಷದ ಹೆಸರಿನ ನಡುವೆ ಒಂದು ಎಚ್ ಇದೆ. ಕನ್ನಡಕ್ಕೆ ಬರುವಾಗ ಅದು ಉದುರಿ, ಪಕ್ಷವೂ ಕೃತಕ ಕೂದಲೂ ಒಂದೇ ಆಗುತ್ತದೆಂದು ಅವನಿಗೆ ಹೊಳೆದದ್ದು ಮೂಸಾ ಬೆನ್ನು ತಿರುಗಿಸಿದ ಮೇಲೆ.

"ಅದು ಬೇರೆ ವಿಗ್ ಮಾರಾಯ. ರಾಜಕೀಯದ್ದು," ಎಂದ, ಕೋಣೆಗೆ ಓಡಿ ಬಂದು.

"ವಿಗ್‌ನಲ್ಲಿ ರಾಜಕೀಯದ್ದು ಬೇರೆ ಉಂಟಾ?"

ಸಲ್ವಾದೋರ್ ಪತ್ರಿಕೆಯ ಜೆರಾಕ್ಸ್ ತಂದು ಎಚ್ ಅಕ್ಷರಕ್ಕೆ ಬೆರಳಿಟ್ಟು ತೋರಿಸಿದ. ಮೂಸಾ ಅದರ ಕಡೆ ನೋಡಲೂ ಇಲ್ಲ. "ನಂಗೆ ಇಂಗ್ಲಿಷ್ ಬರುದಿಲ್ಲ ಅಂತ ನೀನು ಎಂತ ಬೇಕಾದ್ರೂ ಹೇಳಬಹುದು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಅವನು ಫೋರ್‌ಮನ್ ಬಳಿ ಹೋಗಿ ದೂರದ ಹಫ್ರ್ ಅಲ್ ಬಾತಿನ್‌ನ ಸೈಟಿಗೆ ತನ್ನ ಹೆಸರು ಕೊಟ್ಟು ಬಂದ. ಅಲ್ಲಿಗೆ ಹೋಗಲು ಯಾರೂ ಇಷ್ಟಪಡುತ್ತಿರಲಿಲ್ಲ, ಹಾಗಾಗಿ ಕೇಳಿದ ಕೂಡಲೇ ಸಿಕ್ಕಿತು. ಸಲ್ವಾದೋರ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲೆಂದು ಏಳುವನು, ಕುಡಿಯದೆ ಬಂದು ಕೂರುವನು. ಬೇಡದ ಕಡೆಯೆಲ್ಲ ಎಚ್ ಒತ್ತಿ ಕೀಗನ್‌ನಿಂದ ಬೈಸಿಕೊಂಡ.

ಗುರುವಾರ ಸಂಜೆ ಅಡುಗೆ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹಸನಬ್ಬ ಅವನನ್ನು ಕರೆದು, ಆ ಪೇಪರ್ ಓದುವುದನ್ನು ಇನ್ನು ನಿಲ್ಲಿಸು ಎಂದ.

"ನೀನು ಬೇಕಂತ ಮಾಡಿದ್ದಲ್ಲ, ಗೊತ್ತುಂಟು. ಆದ್ರೆ ಅವನ ತಲೆ ವಿಷಯ ಸೆಲೆಕ್ಷನ್‌ಗೆ ಬರುದು ಬೇಡ. ಹಾಗೆ ಗೆದ್ದು ನಂಗೆ ಎಂತ ಆಗ್ಬೇಕು?"

ಸಲ್ವಾದೋರ್ ಬೆಚ್ಚಿದ. "ನಿಮಗೆ ಯಾರು ಹೇಳಿದ್ದು?"

"ಹೇಳುದೆಂತದ್ದು? ಅವ ಅದನ್ನು ಇಟ್ಟುಕೊಂಡು ಬಂದ ದಿನವೇ ಮೆಸ್ಸಿಗೆಲ್ಲ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದೇವೆ, ಅಷ್ಟೇ."

ಸಲ್ವಾದೋರ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಮಾತು ಮುರಿದಿಲ್ಲವೆನ್ನಲು ಮೆಸ್ಸಿಗೆ ಮೆಸ್ಸೇ ಸಾಕ್ಷಿ! ಇದೊಂದು ಮಾತು ಹೇಳಿದರೆ ಮೂಸಾ ನಂಬಿಯೇ ನಂಬುತ್ತಾನೆ. ಅಂಗಳ ದಾಟಿ ಓಡಿದ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೂಸಾ ಸಣ್ಣ ಕನ್ನಡಿಯ ಮುಂದೆ ನಿಂತು, ಊಟಕ್ಕೆ ಹೋಗುವ ಮೊದಲು ಎಂದಿನಂತೆ, ಕಿವಿಯ ಮೇಲಿನ ಕೂದಲನ್ನು ಒತ್ತಿ ಒತ್ತಿ ಕೂರಿಸುತ್ತಿದ್ದ. ಅತ್ತಿತ್ತ ತಿರುಗಿ ನೋಡಿಕೊಂಡ. ಸಲ್ವಾದೋರ್‌ಗೆ ಸಂಕಟವಾಯಿತು. ಇವನಿಗೆ ಹೇಳುವುದಾದರೂ ಹೇಗೆ, ಇಷ್ಟು ದಿನ ನೀನು ಒತ್ತಿ ಕೂರಿಸಿದ್ದೆಲ್ಲ ದಂಡ ಎಂದು? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಗೇ ನಿಂತ.

ಸೆಲೆಕ್ಷನ್ ಇರಬೇಕಿದ್ದ ಶುಕ್ರವಾರ ಲೋಟಗಳನ್ನು ಯಾರೂ ಹೊರಗೆ ತೆಗೆಯಲಿಲ್ಲ.

ಶನಿವಾರ ಬೆಳಿಗ್ಗೆ ಪಿಕಪ್ ಬಂದಾಗ ಗಾಳಿ ಎದ್ದಿತ್ತು. ಮುಂದಿನ ಸೀಟು ಸಾಮಾನಿನಿಂದ ತುಂಬಿತ್ತು, ಮೂಸಾ ಹಿಂದೆ ಹತ್ತಬೇಕಾಯಿತು. ಸಲ್ವಾದೋರ್ ಕೆಳಗಿನಿಂದ ಪೆಟ್ಟಿಗೆ ಎತ್ತಿಕೊಟ್ಟ. ಮೂಸಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲ ಸಲ ಅವನ ಮುಖ ನೋಡಿದ.

"ನಿಂಗೆ ಒಬ್ಬನಿಗೇ ಗೊತ್ತಿದ್ದದ್ದು," ಎಂದ.

"ಹೌದು," ಎಂದ ಸಲ್ವಾದೋರ್. "ನಂದೇ ತಪ್ಪು."

ಗಾಡಿ ಹೊರಟದ್ದೂ ಗಾಳಿ ಬೀಸಿದ್ದೂ ಒಟ್ಟಿಗೇ. ಪೆಟ್ಟಿಗೆ ಹಿಡಿದಿದ್ದ ಮೂಸಾನ ಕೈ ತಲೆಗೆ ಹೋಗುವಷ್ಟರಲ್ಲಿ ಹಣೆಯ ಮೇಲಿನ ಕ್ರಾಪು ಎದ್ದು ನಿಂತಿತು. ಬೀಳ್ಕೊಡಲು ಬಂದು ಜಗಲಿಯ ಮೇಲೆ ಸಾಲಾಗಿ ನಿಂತಿದ್ದವರೆಲ್ಲ, ಯಾರೂ ಯಾರಿಗೂ ಹೇಳದೆ, ಒಟ್ಟಿಗೇ ಬೇಲಿಯಾಚೆಯ ಖರ್ಜೂರದ ಮರಗಳ ಕಡೆ ಮುಖ ತಿರುಗಿಸಿದರು. ಈ ಸಲ ಗೊನೆ ಚೆನ್ನಾಗಿ ಬಂದಿದೆಯೆಂದು ಹಸನಬ್ಬ ಗಟ್ಟಿಯಾಗಿ ಹೇಳಿದ. ಸಲ್ವಾದೋರ್ ಕೂಡ ಅತ್ತ ತಿರುಗಿ, ಗಾಡಿಯ ಸದ್ದು ಅಡಗುವವರೆಗೂ ಗೊನೆಗಳನ್ನೇ ನೋಡುತ್ತ ನಿಂತ.