ಆಡಿದ ಮಾತು ಆಡಿದ ಹಾಗೆ

ಅರ್ಜಿ ಬರೆದವನು ನಾನೇ. ಬೇರೆಯವರನ್ನು ಬೈಯುವುದಕ್ಕೆ ಮುಂಚೆ ಅದನ್ನು ಹೇಳಿಬಿಡುತ್ತೇನೆ.

೧೯೩೮ರಲ್ಲಿ ನಾನು ತಾಲ್ಲೂಕು ಜೈಲಿನ ಗುಮಾಸ್ತ. ವಾರ್ಡರ್ ಗಂಗಯ್ಯ ತೀರಿಕೊಂಡ ಮೇಲೆ ಅವನ ಹೆಂಡತಿ ನಂಜಮ್ಮನನ್ನು ಹೆಂಗಸು ಕೈದಿಗಳನ್ನು ನೋಡಿಕೊಳ್ಳಲು ತೆಗೆದುಕೊಂಡಿದ್ದರು. ಕೊಣನೂರಿನ ಮೈದುನ ಅವಳನ್ನು ಮನೆಯಿಂದ ಅಟ್ಟಿದ್ದ. ಜೈಲಿನ ಹಿತ್ತಲ ಕೋಣೆ ಬಿಟ್ಟರೆ ಅವಳಿಗೂ ಮಗಳಿಗೂ ಬೇರೆ ಸೂರಿರಲಿಲ್ಲ.

ಹೆಂಗಸರ ಕೋಣೆಗೆ ಹೋಗಬೇಕಾದರೆ ಗಂಡಸರ ಕಂಬಿಗಳ ಮುಂದೆಯೇ ಹಾಯಬೇಕು. ಅಲ್ಲಿ ಕಳ್ಳತನಕ್ಕೆ ಸಿಕ್ಕಿದ್ದ ಬೋರಪ್ಪ ದಿನಾ ಕಾದು ನಿಲ್ಲುತ್ತಿದ್ದ. ಮೊದಲು ಹೊಲಸು ಮಾತು, ಆಮೇಲೆ ಪಂಚೆ ಎತ್ತಿ ತೋರಿಸುವುದು. ಒಂದು ದಿನ ಕಂಬಿಯಿಂದ ಕೈ ಚಾಚಿ ಸೆರಗು ಹಿಡಿದೆಳೆದ. ಕೈದಿಗಳು ನಕ್ಕರು. ಮಾನಗೆಟ್ಟ ನಮ್ಮ ವಾರ್ಡರುಗಳೂ ನಕ್ಕರು.

ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಬರ್ಕಳಿ ಸಾ. ಅವ್ನ್ನ ಆಸನದ್ ದೊಡ್ ಜೈಲ್ಗೆ ಕಳ್ಸ್ಬುಡಿ, ಅಷ್ಟೇ ಸಾಕು."

"ಏನಂದ?"

"ಕೆಟ್ ಮಾತು ಸಾ."

"ಹಾಗಂದ್ರೆ ಆಗೋದಿಲ್ಲ ನಂಜಮ್ಮ. ಆಡಿದ ಮಾತು ಆಡಿದ ಹಾಗೇ ಬರೀಬೇಕು. ಕಾನೂನು."

ಮೂರು ದಿನ ಬಂದು ಬಂದು ಬಾಯಿ ಬಾರದೆ ಹಿಂದಿರುಗಿದಳು. ನಾಲ್ಕನೆಯ ದಿನ ಬೋರಪ್ಪ ಅವಳ ಮಗಳ ಹೆಸರನ್ನೂ ಹಿಡಿದು ಕೂಗಿದ. ಅವತ್ತು ಬಂದು, ಗೋಡೆಗೆ ಮುಖ ಮಾಡಿ ನಿಂತು, ಎಲ್ಲ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ನನ್ನ ಕಿವಿ ಕಾದುಹೋಯಿತು. ಕೈ ಮಾತ್ರ ಬರೆಯುತ್ತಲೇ ಇತ್ತು. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. "ಇನ್ನು ಅವನ ಕಥೆ ಮುಗೀತು ಬಿಡು" ಎಂದೆ. ನಂಬಿಯೇ ಅಂದದ್ದು.

ಜೈಲಿನ ಸಾಹೇಬರು ಓದಿ, ಕಾಗದವನ್ನು ಬೆರಳ ತುದಿಯಿಂದ ದೂರ ತಳ್ಳಿದರು. "ಇದನ್ನೆಲ್ಲ ಆ ಹೆಂಗಸು ಬಾಯಿಬಿಟ್ಟು ಹೇಳಿದಳೇನ್ರಿ, ನಿಮ್ಮೆದುರಿಗೆ?"

"ನಾನೇ ಹೇಳಿಸಿದೆ ಸ್ವಾಮಿ, ಕಾನೂನಿಗೆ..."

"ಮರ್ಯಾದಸ್ಥ ಹೆಂಗಸಿನ ಬಾಯಲ್ಲಿ ಇಂಥದ್ದು ಬರುತ್ತೇನ್ರಿ? ಇವಳನ್ನ ಹೆಂಗಸು ಕೈದಿಗಳ ಕಾವಲಿಗೆ ಬಿಡೋದೆ?"

ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಹೇಡಿ ನಾನು. ವಜಾ ಆರ್ಡರನ್ನೂ ನನ್ನ ಕೈಯಲ್ಲೇ ಬರೆದೆ.

"ಆಡ್ದಂಗೇ ಏಳು ಅಂತ ನೀವೇ ಅಂದ್ರಲ್ಲ ಸಾ" ಎಂದಳು ನಂಜಮ್ಮ. ಅಳಲೂ ಇಲ್ಲ. ಗಂಟು ಹೊತ್ತು, ಮಗಳ ಕೈ ಹಿಡಿದು, ಅಟ್ಟಿದ ಮೈದುನನ ಬಾಗಿಲಿಗೇ ಹೊರಟಳು. ಕಂಬಿಯ ಹಿಂದಿನಿಂದ ಬೋರಪ್ಪ ಸಿಳ್ಳೆ ಹಾಕಿದ.

ಆ ಕಾಗದ ಕಚೇರಿಯ ಕಟ್ಟಿನಲ್ಲಿ ಈಗಲೂ ಇದೆ. ಅಷ್ಟೂ ಹೊಲಸು ಮಾತು, ಅದರ ಕೆಳಗೆ ನಂಜಮ್ಮನ ಹೆಬ್ಬೆಟ್ಟು. ಬೋರಪ್ಪನ ಗುರುತು ಅದರಲ್ಲಿ ಎಲ್ಲೂ ಇಲ್ಲ.