ಗೋಡೆಗೆ ಅಂಟಿಸಿದ ಪಂಚಾಂಗ

ಆಫೀಸಿಗೆ ಹೊರಟ ವೃಂದಾ ಚಪ್ಪಲಿ ಮೆಟ್ಟುತ್ತಾ ಹಿತ್ತಿಲ ಗೋಡೆಯತ್ತ ಕಣ್ಣು ಹಾಯಿಸಿದಳು. ಬಿರುಕು ಬೆಳೆಯುತ್ತಿದೆಯೇ ಎಂದು ನೋಡಲು ಅವಳೇ ಅಡ್ಡಲಾಗಿ ಅಂಟಿಸಿದ್ದ ಹಳೇ ಪಂಚಾಂಗದ ಹಾಳೆ ನಡುವೆ ಹರಿದುಹೋಗಿತ್ತು. ನಿನ್ನೆ ಸಂಜೆ ನೆಟ್ಟಗೇ ಇತ್ತು. ಈಗ ಎರಡು ಬೆರಳು ತೂರುವಷ್ಟು ಸೀಳು.

ತ್ರಿಪ್ಲಿಕೇನ್‌ನ ಆ ಓಣಿಯಲ್ಲಿ ಪಕ್ಕದ ಲಾಡ್ಜನ್ನು ಕೆಡವಿ, ಸಮುದ್ರ ಕಾಣುವ ಹದಿನೆಂಟು ಮಹಡಿ ಕಟ್ಟುತ್ತೇವೆಂದು ಬೋರ್ಡು ಹಾಕಿದ್ದರು. ಮಹಡಿಗಳೆಲ್ಲ ಇನ್ನೂ ಬೋರ್ಡಿನಲ್ಲೇ ಇದ್ದವು. ತೋಡಿದ ಹಳ್ಳ ಮಾತ್ರ ನಿಜ. ಎರಡು ತಿಂಗಳಿಂದ ಪಂಪುಗಳು ಅದರ ನೀರು ಹೀರುತ್ತಿದ್ದವು. ಇವರ ಬಾವಿಯಲ್ಲಿ ಈಗ ನೀರಿಗಿಂತ ಮರಳೇ ಹೆಚ್ಚು. ದೂರು ಕೊಟ್ಟಾಗ ಬಂದ ಇಂಜಿನಿಯರು ಮಹಾಶಯ ಗೋಡೆ ತಟ್ಟಿ, "ಓಲ್ಡ್ ಬಿಲ್ಡಿಂಗ್ ಮೇಡಂ, ಬರೀ ಗಾರೆ ಬಿರುಕು" ಎಂದು ಕಾಫಿ ಕುಡಿದು ಹೋಗಿದ್ದ.

ಗಂಡ ಅನಿಕೇತ್ ಆಗಲೇ ಕೆಲಸಕ್ಕೆ ಹೋಗಿದ್ದ. ಒಳಗೆ ದೇವರಮನೆಯಲ್ಲಿ ಮಾವ ಸುಜಯೀಂದ್ರರಾಯರು ಮಡಿಯುಟ್ಟು, ಅದೇ ಗೋಡೆಗೆ ಬೆನ್ನು ಮಾಡಿ ಪೂಜೆಗೆ ಕೂತಿದ್ದರು.

"ಮಾವಾ, ಏಳಿ! ಗೋಡೆ ಜರುಗಿದೆ!"

"ಕೊಂಜ ಇರಮ್ಮ, ಒಂದ್ ನಿಮಿಷ. ನೈವೇದ್ಯ ಆಗ್ಬೇಕು. ಒಳಗ್ ಬರಬೇಡ, ಮಡಿ."

ಮೇಲಿನಿಂದ ಗಾರೆ ಉದುರಿ ತುಳಸಿಯ ತಟ್ಟೆಗೆ ಬಿತ್ತು. ರಾಯರು ಅದನ್ನು ಆರಿಸಿ ಪಕ್ಕಕ್ಕಿಟ್ಟರು. ಎಳೆಯಹೋದರೆ ಮಣೆ ಕಚ್ಚಿ ಕೂತುಬಿಡುವ ಜೀವ ಅದು. ವೃಂದಾ ಹದಿನಾರು ವರ್ಷ ನೋಡಿದ ಹಠ. ಆದರೆ ದೇವರನ್ನು ಬಿಟ್ಟು ಕೂರುವವರಲ್ಲ.

ಚಪ್ಪಲಿ ಕಾಲಲ್ಲೇ ಒಳನುಗ್ಗಿದಳು. ಹೆಂಗಸರು ಮುಟ್ಟಲೇಬಾರದ ಸಾಲಿಗ್ರಾಮಗಳನ್ನು ಎರಡೂ ಕೈಯಲ್ಲಿ ಬಾಚಿ, ಮೊಸರನ್ನದ ಡಬ್ಬಿಯಿದ್ದ ಊಟದ ಚೀಲಕ್ಕೆ ಸುರಿದುಕೊಂಡು ಬೀದಿಗೆ ಓಡಿದಳು.

"ಅಯ್ಯೋ, ಏನ್ ಅನಾಚಾರ ಇದು! ನಿಲ್ಲೇ!" ರಾಯರು ಮಡಿಪಂಚೆಯಲ್ಲೇ ಬೆನ್ನಟ್ಟಿ ಬಂದರು. ಅವರು ಸೊಸೆಯನ್ನು ಬೈದದ್ದು ಅದೇ ಮೊದಲು.

ಅವರು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿತ್ತಿಲ ಗೋಡೆ ಬಾವಿಯ ಸಮೇತ ಪಕ್ಕದ ಹಳ್ಳಕ್ಕೆ ಕುಸಿಯಿತು. ದೇವರಮನೆಯ ಸೂರು ಅದರ ಹಿಂದೆಯೇ ಹೋಯಿತು. ಬಾಗಿಲಿನಿಂದ ಧೂಳು ನುಗ್ಗಿ ಬಂದು ಇಬ್ಬರನ್ನೂ ಮುಚ್ಚಿತು.

ವೃಂದಾ ಅಳುತ್ತಾ ಚೀಲ ಚಾಚಿದಳು. "ತಪ್ಪಾಯ್ತು ಮಾವ. ತಗೊಳ್ಳಿ."

ರಾಯರು ಕೈ ನೀಡಿದರು. ಆ ಕೈ ಗಡಗಡ ನಡುಗುತ್ತಿತ್ತು. ಅದನ್ನೇ ಒಂದು ಗಳಿಗೆ ನೋಡಿ ಹಿಂದಕ್ಕೆಳೆದುಕೊಂಡರು.

"ನೀನೇ ಹಿಡ್ಕೋಮ್ಮ," ಎಂದರು. "ನಾ ಬೀಳಿಸಿಬಿಡ್ತೀನಿ."